ಬ್ಯಾರಿಸ್ಟರ್ ಸಾಹೇಬರ ಬ್ಯಾಟು

ಸೋಮವಾರ ಬೆಳಗಿನ ಮೀಟಿಂಗಿನಲ್ಲಿ ನಮ್ಮ ಬಾಸು ಕಾಫಿ ಕಪ್ಪಿನ ಮೇಲಿಂದ ನನ್ನ ಕಡೆ ನೋಡಿ, "ನೀನು ಇಂಡಿಯಾದವಳು. ಇಂಗ್ಲಿಷ್ ಕಾನೂನು, ಕ್ರಿಕೆಟ್ಟು, ಎರಡೂ ಗೊತ್ತಿರುತ್ತೆ. ಇದು ನಿನ್ನ ಕೆಲಸ," ಅಂದ.

ನನಗೆ ಎರಡೂ ಗೊತ್ತಿರಲಿಲ್ಲ. ಕ್ರಿಕೆಟ್ ಅಂದರೆ ನನ್ನ ಪಾಲಿಗೆ ಟೀವಿ ಮುಂದೆ ಗಂಡಸರು ಕೂಗಾಡೋದು, ನಾವು ಒಳಗಿಂದ ಬೋಂಡ ಕಳಿಸೋದು. "ನನಗೆ ಕ್ರಿಕೆಟ್ ಬರಲ್ಲ," ಅಂತ ಬಾಯಿಬಿಟ್ಟು ಹೇಳಿದೆ. ಸ್ವೀಡನ್ನಿನಲ್ಲಿ ಈ ಮಾತಿಗೆ ಬೇರೆಯೇ ಬೆಲೆ. ಇಲ್ಲಿ ಊರಿಗೇ ಮೊದಲನೆಯವನಾದ ಸ್ಕೀ ಆಟಗಾರ ಕೂಡ 'ಏನೋ ಸ್ವಲ್ಪ ಜಾರ್ತೀನಿ' ಅಂತಲೇ ಹೇಳೋದು. ಹಾಗಾಗಿ ನಾನು ಬರಲ್ಲ ಅಂದದ್ದೇ ತಡ, ಇವಳು ರಾಜ್ಯಮಟ್ಟದಲ್ಲೇ ಆಡಿರಬೇಕು ಅನ್ನೋ ಹಾಗೆ ಎಲ್ಲರೂ ಗೌರವದಿಂದ ತಲೆಯಾಡಿಸಿದರು.

ಆಗ ನಾನು ಟ್ರೋಲ್‌ಹೆಟ್ಟನ್ನಿನ ಒಂದು ಪುಟ್ಟ ಕಂಪನಿಗೆ ಸೇರಿ ಎರಡು ತಿಂಗಳಾಗಿತ್ತು. ಎರಡು ಸಾವಿರದ ದಶಕದ ನಡುಭಾಗ. ಯಂತ್ರಗಳಿಗೆ ಮ್ಯಾನ್ಯುಯಲ್ ಬರೆಯೋದು ನಮ್ಮ ಕೆಲಸ: ಪಂಪು, ಗೇರ್‌ಬಾಕ್ಸು ಇವನ್ನೆಲ್ಲ ಹೇಗೆ ಬಿಚ್ಚಬೇಕು, ಹೇಗೆ ಜೋಡಿಸಬೇಕು, ಯಾವ ಬೋಲ್ಟನ್ನು ಎಷ್ಟು ಬಿಗಿ ಮಾಡಬೇಕು ಅಂತ. ಆರು ತಿಂಗಳ ಪ್ರೊಬೇಷನ್ನು, ಜೂನ್ ಮಧ್ಯಕ್ಕೆ ಮುಗಿಯೋದು. ಅದಕ್ಕೆ ಮುಂಚೆ ಗಂಡನ ಕೆಲಸದ ಹಿಂದೆ ಬಂದು ಎರಡು ವರ್ಷ ಮನೆಯಲ್ಲಿ ಕೂತಿದ್ದೆ. ಎರಡು ವರ್ಷ! ಬೆಂಗಳೂರಿನಲ್ಲಿ ಆರು ಜನರ ತಂಡ ನಡೆಸಿದವಳು ಇಲ್ಲಿ ಕಿಟಕಿಯಲ್ಲಿ ನಿಂತು ಎದುರುಮನೆಯವರು ಕಸ ವಿಂಗಡಿಸೋದನ್ನ ನೋಡ್ತಿದ್ದೆ. ಕೆಲಸ ಸಿಕ್ಕಿದ ಮೇಲೆ ಮಗಳಿಗೂ ದಾಗಿಸ್‌ನಲ್ಲಿ, ಅಂದರೆ ಇಲ್ಲಿನ ಶಿಶುವಿಹಾರದಲ್ಲಿ, ಇಡೀ ದಿನ ಇರೋಕೆ ಅವಕಾಶ ಆಗಿತ್ತು. ನನ್ನ ಕೆಲಸ ಹೋದರೆ ಅದು ವಾರಕ್ಕೆ ಹದಿನೈದು ಗಂಟೆಗೆ ಇಳಿಯುತ್ತೆ, ನಾನು ವಾಪಸ್ ಕಿಟಕಿಗೆ. ಈ ಕೆಲಸ ಕಾಯಂ ಆಗಲೇಬೇಕಿತ್ತು.

ಒಪ್ಪಿಸಿದ್ದು ಇಷ್ಟು. ಕಾಲುವೆ ದಂಡೆಯ ಒಂದು ಹಳೇ ಯಂತ್ರದ ಕಾರ್ಖಾನೆ ನಮ್ಮ ದೊಡ್ಡ ಗಿರಾಕಿ. ಜೂನ್ ಮೊದಲ ವಾರ ಅವರ ವಾರ್ಷಿಕೋತ್ಸವ, ಅದಕ್ಕೊಂದು ಪುಸ್ತಕ. ಅದರಲ್ಲಿ ಹನ್ನೆರಡು ಪುಟ ಅವರ 'ಇಂಗ್ಲಿಷ್ ಬ್ಯಾರಿಸ್ಟರ್'ಗೆ ಮೀಸಲು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಲಂಡನ್ನಿನ ಬ್ಯಾರಿಸ್ಟರ್ ಒಬ್ಬ ಯಾವುದೋ ಮರದ ವ್ಯಾಪಾರದ ತಗಾದೆ ತೀರಿಸೋಕೆ ಅಂತ ಈ ಊರಿಗೆ ಬಂದವನು ವಾಪಸ್ ಹೋಗಲೇ ಇಲ್ಲ. ಕಾರ್ಖಾನೆಯ ಇಂಗ್ಲಿಷ್ ಕಾಗದಪತ್ರ ನೋಡಿಕೊಂಡು ಇಲ್ಲೇ ಇದ್ದು ಇಲ್ಲೇ ಸತ್ತ. ಇದಿಷ್ಟು ದಾಖಲೆಯಲ್ಲಿರೋದು. ಇದರ ಮೇಲೆ ಕಾರ್ಖಾನೆಯವರು ಮೂರು ಅಂತಸ್ತು ಕಟ್ಟಿದ್ದರು: ಅವನು ಇಂಗ್ಲೆಂಡಿನ ಭಾರೀ ಕ್ರಿಕೆಟ್ ಆಟಗಾರ, ಇಲ್ಲಿನ ಕೆಲಸಗಾರರಿಗೆ ಆಟ ಕಲಿಸಿದ, ಅವನ ಬ್ಯಾಟು ಇವತ್ತಿಗೂ ಕಾರ್ಖಾನೆಯ ಕ್ಯಾಂಟೀನಿನ ಗೋಡೆ ಮೇಲೆ ಗಾಜಿನ ಪೆಟ್ಟಿಗೆಯಲ್ಲಿದೆ. ಪೆಟ್ಟಿಗೆಯ ಕೆಳಗೆ ಹಿತ್ತಾಳೆ ಫಲಕ, 'ಸ್ವೀಡನ್ನಿನ ಅತ್ಯಂತ ಹಳೆಯ ಕ್ರಿಕೆಟ್ ಬ್ಯಾಟು'. ಉತ್ಸವಕ್ಕೆ ಇಂಗ್ಲೆಂಡಿನಿಂದ ಅತಿಥಿಗಳನ್ನೂ ಕರೆದಾಗಿತ್ತು.

ನಮ್ಮ ಕಸುಬಿನಲ್ಲಿ ಒಂದು ನಿಯಮ ಇದೆ. ಒಂದು ವಾಕ್ಯಕ್ಕೆ ಒಂದೇ ವಿಷಯ, ಒಂದು ವಿಷಯಕ್ಕೆ ಒಂದಾದರೂ ಆಧಾರ. ಬರೆಯೋಕೆ ಕೂತ ದಿನವೇ ಮೂರು ಕಾಲಮ್ಮಿನ ಪಟ್ಟಿ ಮಾಡಿಕೊಳ್ಳಬೇಕು: ಏನು ಹೇಳ್ತಿದ್ದೀವಿ, ಯಾರು ಹೇಳಿದ್ದು, ಎಲ್ಲಿದೆ. ನಾನು ಇಂಗ್ಲೆಂಡಿನ ಹಳೇ ಕ್ರಿಕೆಟ್ ದಾಖಲೆ ಇಟ್ಟಿರೋ ಗ್ರಂಥಾಲಯವೊಂದಕ್ಕೆ ಕಾಗದ ಬರೆದು, ಉತ್ತರ ಬರೋದರೊಳಗೆ ಮೊದಲ ಕರಡು ತಯಾರು ಮಾಡಿದೆ. ಅಭ್ಯಾಸಬಲ ನೋಡಿ. 'ಒಂದು: ಬ್ಯಾರಿಸ್ಟರ್ ಜನಿಸುತ್ತಾನೆ. ಎರಡು: ಬ್ಯಾರಿಸ್ಟರ್ ಕಾನೂನು ಓದುತ್ತಾನೆ. ಮೂರು: ಎರಡನೇ ಹಂತ ಪೂರ್ತಿಯಾದ ಬಳಿಕವೇ ಬ್ಯಾರಿಸ್ಟರ್ ಹಡಗು ಹತ್ತುತ್ತಾನೆ.' ಒಟ್ಟು ಒಂದೂವರೆ ಪುಟ ಆಯಿತು.

ಬಾಸು ಅದನ್ನ ಎರಡು ಸಲ ಓದಿದ. "ಇದನ್ನ ಇಟ್ಟುಕೊಂಡು ಬ್ಯಾರಿಸ್ಟರನ್ನ ಬಿಚ್ಚಿ ಮತ್ತೆ ಜೋಡಿಸಬಹುದು," ಅಂದ. "ಆದರೆ ಓದೋಕೆ ಆಗಲ್ಲ." ನಗಲೂ ಇಲ್ಲ, ಬೈಯಲೂ ಇಲ್ಲ. ಇವರ ಮುಖ ನೋಡಿ ಏನೂ ತಿಳಿಯೋಹಾಗಿಲ್ಲ, ಅದೇ ಕಷ್ಟ. ನಮ್ಮ ಕಡೆ ಬಾಸುಗಳು ಕೂಗಾಡ್ತಾರೆ, ಎಲ್ಲಿ ನಿಂತಿದ್ದೀವಿ ಅಂತ ಗೊತ್ತಾದರೂ ಆಗುತ್ತೆ.

ಏಪ್ರಿಲ್‌ನಲ್ಲಿ ನಮ್ಮ ಮಾವ ಮೂರು ತಿಂಗಳ ವೀಸಾದ ಮೇಲೆ ಬಂದಿಳಿದರು. ಅತ್ತೆ ನಾದಿನಿಯ ಬಾಣಂತನಕ್ಕೆ ಅಂತ ಅಲ್ಲೇ ಉಳಿದಿದ್ದರು. ಮಾವ ಬೆಂಗಳೂರಿನಲ್ಲಿ ಮೂವತ್ತು ವರ್ಷ ಸಿವಿಲ್ ವಕೀಲರು. ಜಮೀನು, ಪಾಲುಪಾರಿಕತ್ತು, ಅಡ್ಡಗೋಡೆ ಕೇಸು. ಕ್ರಿಕೆಟ್ ಅಂದರೆ ಪ್ರಾಣ. ಮಂಕಿ ಟೋಪಿ ಹಾಕಿಕೊಂಡು ಸೋಫಾದ ಮೂಲೆಯಲ್ಲಿ ಕೂತು, ಏನಮ್ಮಾ ನಿನ್ನ ಆಫೀಸಿನ ಸಮಾಚಾರ ಅಂತ ಕೇಳಿದರು. ನಾನು ಬ್ಯಾರಿಸ್ಟರನ ವಿಷಯ ಹೇಳಿದೆ. ಆ ಮನುಷ್ಯ ಟೋಪಿ ತೆಗೆದಿಟ್ಟು ಎದ್ದು ನಿಂತುಬಿಟ್ಟರು.

"ಬ್ಯಾರಿಸ್ಟರು, ಅದರ ಮೇಲೆ ಕ್ರಿಕೆಟರು! ಅಲ್ಲಮ್ಮಾ, ಇಂಥ ವಕಾಲತ್ತನ್ನ ಮನೇಲಿಟ್ಟುಕೊಂಡು ನೀನು ನನಗೆ ಉಪ್ಪಿಟ್ಟು ಬೇಕಾ ಅಂತ ಕೇಳ್ತಿದ್ದೀಯಲ್ಲ!"

ಅವತ್ತಿಂದ ಬ್ಯಾರಿಸ್ಟರು ಅವರ ಕಕ್ಷಿದಾರ. ನಾನು ಸಂಜೆ ಬಂದ ಕೂಡಲೇ ಲ್ಯಾಪ್‌ಟಾಪ್ ತೆಗೆಸಿ, ತಾವು ಹಾಲಿನ ಈ ತುದಿಯಿಂದ ಆ ತುದಿಗೆ ಓಡಾಡ್ತಾ ಡಿಕ್ಟೇಷನ್ ಕೊಡೋರು. ಲಂಡನ್ನಿನ ಮೈದಾನ, ಮೋಡದ ಸಂಜೆ, ಗೆಲ್ಲೋಕೆ ನಾಲ್ಕು ರನ್ನು ಬೇಕು, ಕೊನೆಯ ಓವರಿನ ಐದನೇ ಬಾಲಿಗೆ ಬ್ಯಾರಿಸ್ಟರ್ ಸಾಹೇಬರು ಮುಂದೆ ನುಗ್ಗಿ ಎತ್ತಿದ ಸಿಕ್ಸರ್ರು ಪೆವಿಲಿಯನ್ನಿನ ಗಡಿಯಾರಕ್ಕೆ ಬಡಿಯಿತು! "ಮಾವ, ಇದಕ್ಕೆ ಆಧಾರ ಏನು?" ಅಂದರೆ, "ದೊಡ್ಡ ಆಟಗಾರ ಅಂತ ಕಾರ್ಖಾನೆಯವರೇ ಹೇಳಿದ್ದಾರಲ್ಲ, ಅಲ್ಲಿಗೆ ಮಿಕ್ಕಿದ್ದೆಲ್ಲ ಸಹಜವಾಗಿ ಹುಟ್ಟುತ್ತೆ," ಅಂದರು.

ಇಂಗ್ಲೆಂಡಿನ ಉತ್ತರ ಬಂದಿರಲಿಲ್ಲ. ಮರುದಿನವೇ ಕರಡು ಪರಿಶೀಲನೆಗೆ ಕೊಡಬೇಕಿತ್ತು. ಒಂದು ನಟ್ಟಿನ ಅಳತೆಯನ್ನೂ ಮೂರು ಸಲ ನೋಡದೆ ಬರೆಯದ ನಾನು, ಕ್ರಿಕೆಟ್ ವಿಷಯಕ್ಕೆ ಮಾವ ಹೇಳಿದ ಮೇಲೆ ಇನ್ನೇನು ನೋಡೋದು ಅಂತ ಹಾಗೇ ಇಳಿಸಿಬಿಟ್ಟೆ. ಆಧಾರದ ಕಾಲಮ್ಮಿನಲ್ಲಿ 'ವಿಷಯತಜ್ಞರ ಸಂದರ್ಶನ' ಅಂತ ಬರೆದೆ. ತಜ್ಞರು ಆಗ ಅಡುಗೆಮನೆಯಲ್ಲಿ ಅವಲಕ್ಕಿಗೆ ಮೊಸರು ಹುಡುಕ್ತಿದ್ದರು.

ಪರಿಶೀಲನೆ ಕಾರ್ಖಾನೆಯ ಕ್ಯಾಂಟೀನಿನಲ್ಲೇ ನಡೆಯಿತು. ಮೇಜಿನ ಸುತ್ತ ನಮ್ಮ ಬಾಸು, ಕಾರ್ಖಾನೆಯ ನಿರ್ದೇಶಕ, ನಾನು, ಮತ್ತು ನಿವೃತ್ತ ಕೆಲಸಗಾರರ ಇತಿಹಾಸ ಮಂಡಳಿಯ ಪರವಾಗಿ ಬಂದಿದ್ದ ಒಬ್ಬ ವಯಸ್ಸಾದ ಹೆಂಗಸು. ಆಕೆ ಇದೇ ಕ್ಯಾಂಟೀನನ್ನು ನಿವೃತ್ತಿಯ ತನಕ ನಡೆಸಿದವರು. ಮನೆಯಲ್ಲಿ ಅವರ ಮಾತು ಬಂದಾಗ ನಾನೂ ಮಾವನೂ ಕ್ಯಾಂಟೀನಮ್ಮ ಅಂತಲೇ ಕರೀತಿದ್ದೆವು. ಸ್ವೀಡಿಷಿನಲ್ಲಿ ಎಲ್ಲರೂ ಎಲ್ಲರಿಗೂ 'ನೀನು'. ಆ ವಯಸ್ಸಿನವರನ್ನ ಹಾಗೆ ಮಾತಾಡಿಸೋಕೆ ನನಗೆ ಪ್ರತಿಸಲವೂ ನಾಲಿಗೆ ತಡವರಿಸೋದು.

ದಾಲ್ಚಿನ್ನಿ ಬನ್ನು ತಿಂದು ಮುಗಿಸೋ ತನಕ ಯಾರೂ ಮಾತಾಡಲಿಲ್ಲ. ಆಮೇಲೆ ನಿರ್ದೇಶಕ, ಸಿಕ್ಸರಿನ ಭಾಗ ತುಂಬ ಚೆನ್ನಾಗಿದೆ, ಉತ್ಸವದ ದಿನ ಇದನ್ನೇ ಗಟ್ಟಿಯಾಗಿ ಓದಿಸೋಣ ಅಂದ. ನಾನು ಹಿಗ್ಗಿಹೋದೆ. ಆಗ ಕ್ಯಾಂಟೀನಮ್ಮ ಚೀಲದಿಂದ ಒಂದು ಹಳೇ ಪುಸ್ತಕ ತೆಗೆದರು. ಹಿಂದಿನ ಕಾಲದ ಹೊರಾಂಗಣ ಆಟಗಳ ಬಗ್ಗೆ, ಗೋಥೆನ್‌ಬರ್ಗಿನ ಲೈಬ್ರರಿಯಿಂದ ತರಿಸಿಕೊಂಡಿದ್ದು. ಕ್ರಿಕೆಟ್ಟಿನ ಪುಟಕ್ಕೆ ನೂಲಿನ ಎಳೆ ಇಟ್ಟಿದ್ದರು.

"ನಾನು ಈ ಆಟ ಜನ್ಮದಲ್ಲಿ ನೋಡಿಲ್ಲ," ಅಂದರು. "ಆದರೆ ಇಲ್ಲಿ ಬರೆದಿರೋ ಪ್ರಕಾರ ಆ ಕಾಲದಲ್ಲಿ ಒಂದು ಓವರಿಗೆ ನಾಲ್ಕೇ ಬಾಲು. ಐದನೇ ಬಾಲು ಇಲ್ಲವೇ ಇಲ್ಲ. ಚೆಂಡು ಗೆರೆ ದಾಟಿದರೆ ಆರು ರನ್ನೂ ಇಲ್ಲ, ಮೈದಾನದಿಂದಲೇ ಆಚೆ ಹೋಗಬೇಕಂತೆ. ಗಡಿಯಾರ ಮೈದಾನದ ಒಳಗಿತ್ತಾ, ಹೊರಗಿತ್ತಾ?"

ಅಯ್ಯೋ ಶಿವನೇ! ನೂರು ಕೋಟಿ ಜನರ ಮಾನ ಆ ಟೇಬಲ್ಲಿನ ಮೇಲೆ, ಬನ್ನಿನ ಪುಡಿಯ ಪಕ್ಕದಲ್ಲಿ ಬಿದ್ದಿತ್ತು. ಕ್ರಿಕೆಟ್ ನೋಡೇ ಇರದ ಸ್ವೀಡಿಷ್ ಅಜ್ಜಿ ಪುಸ್ತಕ ಓದಿಕೊಂಡು ಬಂದಿದ್ದರು. ಕ್ರಿಕೆಟ್ ತಿಂದು ಕ್ರಿಕೆಟ್ ಕುಡಿಯೋ ನಮ್ಮನೆಯವರು ಒಂದು ಹಾಳೆ ತಿರುವಿ ನೋಡಿರಲಿಲ್ಲ. "ನೋಡಿ ತಿಳಿಸ್ತೀನಿ," ಅಂದೆ. ಬಾಸು ನೋಟ್‌ಬುಕ್ಕಿನಲ್ಲಿ ಏನೋ ಒಂದು ಸಾಲು ಬರೆದುಕೊಂಡ. ಅದೇನು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಮನೆಗೆ ಬಂದು ಮಾವನ ಮೇಲೆ ರೇಗಿದೆ. ಅವರು, "ಎದುರು ಕಕ್ಷಿ ವಕೀಲರು ಯಾರು ಅಂದೆ?" ಅಂತ ಕೇಳಿದರು. ಕ್ಯಾಂಟೀನ್ ನಡೆಸ್ತಿದ್ದವರು ಅಂದೆ. "ಒಳ್ಳೇ ತಯಾರಿ," ಅಂತ ಮೆಚ್ಚಿಕೊಂಡು ಮೊಸರನ್ನ ಕಲಸಿದರು.

ಆ ವಾರವೇ ಇಂಗ್ಲೆಂಡಿನ ಕಾಗದ ಬಂತು. ಬ್ಯಾರಿಸ್ಟರು ತನ್ನ ಇಡೀ ಜೀವಮಾನದಲ್ಲಿ ಲೆಕ್ಕಕ್ಕೆ ಬರೋ ಪಂದ್ಯ ಆಡಿದ್ದು ಎರಡು. ನಾಲ್ಕು ಸಲ ಬ್ಯಾಟು ಹಿಡಿದು ಹೊಡೆದದ್ದು ಸೊನ್ನೆ, ಮೂರು, ಸೊನ್ನೆ, ಸೊನ್ನೆ. ಒಂದು ಕ್ಯಾಚು. ಅಷ್ಟೇ. ಅದರ ಜೊತೆ ಅಲ್ಲಿನವರೇ ಪುಣ್ಯ ಕಟ್ಟಿಕೊಂಡು ವಕೀಲರ ಹಳೇ ಪಟ್ಟಿಯ ಒಂದು ಪ್ರತಿಯನ್ನೂ ಕಳಿಸಿದ್ದರು. ಸನ್ನದು ಸಿಕ್ಕಿದ್ದು ಬಿಟ್ಟರೆ ಅವನು ನಡೆಸಿದ ಒಂದು ಕೇಸೂ ಅವರ ಕಣ್ಣಿಗೆ ಬಿದ್ದಿರಲಿಲ್ಲ.

ನಾನು ನಗ್ತಾ ಓದಿದೆ. ಮಾವ ನಗಲಿಲ್ಲ. ಕಾಗದ ಈಸಿಕೊಂಡು ಕನ್ನಡಕ ಏರಿಸಿ ಓದಿ, "ಕ್ಯಾಚ್ ಹಿಡಿದಿದ್ದಾನಲ್ಲ," ಅಂದರು. ಕಾಗದ ಮಡಿಸಿಡ್ತಾ, "ಕೇಸಿಲ್ಲದ ವಕೀಲನ ಪಾಡು ನಿನಗೆ ಗೊತ್ತಿಲ್ಲಮ್ಮ. ಕರೀಕೋಟು ಹಾಕ್ಕೊಂಡು ಬೆಳಗಿಂದ ಸಂಜೆವರೆಗೆ ಕೋರ್ಟಿನ ಬೆಂಚಿನ ಮೇಲೆ ಕೂತಿರೋದು. ನನ್ನ ಮೊದಲ ನಾಲ್ಕು ವರ್ಷ ಹಂಗೇ ಹೋಯ್ತು. ಯಾರಾದರೂ ಬಾ ಅಂತ ಕರೆದರೆ ಸ್ವೀಡನ್ನಿಗೇನು, ಚಂದ್ರಲೋಕಕ್ಕಾದರೂ ಹೋಗ್ತಿದ್ದೆ," ಅಂದರು. ನನಗೆ ಪಾಪ ಅನ್ನಿಸಿತು. ಕಿಟಕಿಯಲ್ಲಿ ನಿಂತ ಎರಡು ವರ್ಷದ ಬಗ್ಗೆ ನಾನು ಅವರಿಗೆ ಯಾವತ್ತೂ ಹೇಳಿರಲಿಲ್ಲ, ಆದರೂ ಅವರಿಗೆ ಎಲ್ಲ ಗೊತ್ತಿತ್ತು ಅಂತ ಆಗ ಅನ್ನಿಸಿತು.

ಸಿಕ್ಸರ್ ಹೋಯಿತು. ಭಾರೀ ಆಟಗಾರ ಹೋದ. ಹನ್ನೆರಡು ಪುಟದಲ್ಲಿ ಮಿಕ್ಕಿದ್ದು ಬ್ಯಾಟೊಂದೇ. ಉತ್ಸವದ ದಿನ ಒಂದು ಪ್ರದರ್ಶನ ಪಂದ್ಯ ಇಡೋಣ ಅಂತ ನಿರ್ದೇಶಕ ತೀರ್ಮಾನಿಸಿದ್ದ. ನಮ್ಮ ಮನೆಯಲ್ಲಿ 'ತಜ್ಞರು' ಇರೋದು ಕಿವಿಗೆ ಬಿದ್ದು, ಅವರನ್ನೇ ಅಂಪೈರಾಗೋಕೆ ಕೇಳಿದ. ಮಾವನಿಗೆ ಸ್ವರ್ಗ ಮೂರೇ ಗೇಣು. ಅಂಪೈರಿಗೆ ಅಂತ ಕಾರ್ಖಾನೆಯ ಲ್ಯಾಬಿನಿಂದ ಒಂದು ಬಿಳೀ ಕೋಟು ತೆಗೆದಿರಿಸಿದ್ದೂ ಆಯಿತು. ಕೋಟು ತೊಟ್ಟು ನೋಡೋ ನೆಪದಲ್ಲಿ ಒಂದು ಶುಕ್ರವಾರ ಅವರನ್ನ ಕ್ಯಾಂಟೀನಿಗೆ ಕರೆದುಕೊಂಡು ಹೋದೆ. ಚಪ್ಪಲಿ ಬಿಡೋದೊಂದು ಬಾಕಿ, ಅಷ್ಟು ಭಕ್ತಿಯಿಂದ ಗಾಜಿನ ಪೆಟ್ಟಿಗೆ ಮುಂದೆ ನಿಂತರು. ಒಂದು ಕಡೆಯಿಂದ ನೋಡಿದರು, ಬಗ್ಗಿ ನೋಡಿದರು, ಕನ್ನಡಕ ತೆಗೆದು ನೋಡಿದರು.

ವಾಪಸ್ ಬಂದು ಮನೆ ಮುಂದೆ ಬಸ್ಸಿಳಿದ ಮೇಲೆ, "ಹಿಡಿ ಸರಿ ಇಲ್ಲ ಕಣಮ್ಮಾ," ಅಂದರು. "ಬ್ಯಾಟಿನ ಹಿಡಿ ಬೇರೆ ಮಾಡಿ ಕೂರಿಸಿರ್ತಾರೆ. ಇದು ಒಂದೇ ಮರದ ತುಂಡು. ಉದ್ದವೂ ಸಾಲದು. ಇದನ್ನ ಹಿಡ್ಕೊಂಡು ನಿಂತರೆ ನಮ್ಮ ಸಾಹೇಬರು ಮೂರು ರನ್ನೂ ಹೊಡೀತಿರಲಿಲ್ಲ."

"ಹಾಗಾದರೆ ಅದೇನು ಮಾವ?"

"ಗೊತ್ತಿಲ್ಲ. ಕೇಳಲೂಬೇಡ." ಮೆಟ್ಟಿಲ ಮೇಲೇ ನಿಂತುಕೊಂಡರು. "ನೋಡು, ಪಾಟೀಸವಾಲಿನಲ್ಲಿ ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಬಾರದು. ನನ್ನ ಸೀನಿಯರ್ರು ಮೊದಲ ದಿನವೇ ಹೇಳಿಕೊಟ್ಟದ್ದು. ಅವರ ಮನೆ ಸಾಕ್ಷಿ, ಅವರೇ ಫಲಕ ಹಾಕಿದ್ದಾರೆ, ಅವರೇ ಬ್ಯಾಟು ಅಂದಿದ್ದಾರೆ. ನೀನು 'ಕಾರ್ಖಾನೆಯ ಪ್ರಕಾರ' ಅಂತ ಒಂದು ಮಾತು ಸೇರಿಸಿ ಬರೆದು ಕೈತೊಳಕೋ. ನಿನ್ನ ಪ್ರೊಬೇಷನ್ ಮುಗಿಯೋಕೆ ಇನ್ನೆಷ್ಟು ದಿನ ಇದೆ?"

ಐದು ವಾರ ಇತ್ತು. ಹಸ್ತಪ್ರತಿ ಪ್ರೆಸ್ಸಿಗೆ ಹೋಗೋಕೆ ಹತ್ತು ದಿನ.

ಸುಳ್ಳು ಯಾಕೆ, ನಾನು ಅವರ ಮಾತು ಕೇಳಿ ಹಾಗೇ ಬರೆದೂ ಬಿಟ್ಟೆ. 'ಕಾರ್ಖಾನೆಯ ಪ್ರಕಾರ.' ಆದರೆ ಆಧಾರದ ಪಟ್ಟಿ ಭರ್ತಿ ಮಾಡೋವಾಗ ಆ ಸಾಲಿನ ಹತ್ತಿರ ಬಂದು ಕೈ ನಿಲ್ಲೋದು. ಸಿಕ್ಸರ್ ಹೋಗಿ ಖಾಲಿಯಾದ ಪುಟ ತುಂಬೋಕೆ ಬ್ಯಾರಿಸ್ಟರನ ಸಂಸಾರದ ವಿಷಯ ನೋಡೋಣ ಅಂತ ಲೈಬ್ರರಿಗೆ ಹೋಗಿ ಚರ್ಚಿನ ಹಳೇ ದಫ್ತರದ ಮೈಕ್ರೋಫಿಲಂ ಹಾಕಿಸಿಕೊಂಡೆ. ಎರಡು ಸಂಜೆ ಆ ಕೈಬರಹದ ಜೊತೆ ಗುದ್ದಾಡಿದ ಮೇಲೆ ಸಿಕ್ಕಿದ. ಇಂಗ್ಲೆಂಡಿನವನು, ವಕೀಲ. ಪಕ್ಕದಲ್ಲಿ ಹೆಂಡತಿ, ಈ ಊರಿನವಳೇ. ಅವಳ ಕಸುಬು: ಬಟ್ಟೆ ಒಗೆಯುವವಳು. ಕಾರ್ಖಾನೆಯ ಯಾವ ಕಾಗದದಲ್ಲೂ ಅವಳ ಸುದ್ದಿ ಇರಲಿಲ್ಲ.

ಮ್ಯಾನ್ಯುಯಲ್ ಬರೆಯೋರಿಗೆ ಇನ್ನೊಂದು ಪಾಠ ಹೇಳಿಕೊಡ್ತಾರೆ. ಯಂತ್ರದ ಬಗ್ಗೆ ತಿಳೀಬೇಕಾದರೆ ಅದನ್ನ ವಿನ್ಯಾಸ ಮಾಡಿದವನನ್ನಷ್ಟೇ ಕೇಳಿದರೆ ಸಾಲದು, ದಿನಾ ಸ್ಪ್ಯಾನರ್ ಹಿಡಿಯೋವನನ್ನ ಕೇಳಬೇಕು. ಆ ಬ್ಯಾಟನ್ನ ಕೈಯಲ್ಲಿ ಹಿಡಿದವರು ಯಾರು? ಫಲಕ ಹಾಕಿಸಿದ ನಿರ್ದೇಶಕರಂತೂ ಅಲ್ಲ. ಗಾಜಿನ ಪೆಟ್ಟಿಗೆ ಒರೆಸಿದವರು. ಅದು ಹೊಳೆದ ಮೇಲೆ ನನಗೆ ಕೂತಲ್ಲಿ ಕೂರೋಕೆ ಆಗಲಿಲ್ಲ. ಕೇಳಿದರೆ ಬ್ಯಾಟು ಹೋಗುತ್ತೆ, ಬ್ಯಾಟು ಹೋದರೆ ಉತ್ಸವ, ಗಿರಾಕಿ, ನನ್ನ ಕೆಲಸ, ಮಾವನ ಬಿಳೀ ಕೋಟು ಎಲ್ಲ ಸಾಲಾಗಿ ಹೋಗುತ್ತೆ. ಕೇಳದೆ ಬರೆದರೆ ನನ್ನ ಹೆಸರಿರೋ ಪುಸ್ತಕದಲ್ಲಿ ನಾನು ನೋಡದೇ ಬಿಗಿ ಮಾಡಿದ ಬೋಲ್ಟ್ ಒಂದು ಉಳಿಯುತ್ತೆ. ಮಾವನಿಗೆ ಹೇಳದೆ ಕ್ಯಾಂಟೀನಮ್ಮನಿಗೆ ಫೋನ್ ಮಾಡಿದೆ. ಪೆಟ್ಟಿಗೆ ತೆಗೆದು ತೋರಿಸ್ತೀರಾ ಅಂದೆ.

"ಬೀಗದ ಕೈ ನನ್ನ ಹತ್ತಿರ ಈಗಲೂ ಇದೆ," ಅಂದರು. "ಯಾರೂ ವಾಪಸ್ ಕೇಳಲಿಲ್ಲ."

ಮಧ್ಯಾಹ್ನದ ಊಟ ಮುಗಿದು ಕ್ಯಾಂಟೀನ್ ಖಾಲಿಯಾದ ಮೇಲೆ ಅವರು ಪೆಟ್ಟಿಗೆ ತೆಗೆದು, ಅದನ್ನ ಸೌಟು ಎತ್ತಿಕೊಂಡಷ್ಟು ಸಲೀಸಾಗಿ ತೆಗೆದು ನನ್ನ ಕೈಗೆ ಕೊಟ್ಟರು. ಹಗುರ. ನಾನು ಕಷ್ಟಪಟ್ಟು ಕೇಳಿದೆ, "ಇದು ಬ್ಯಾಟಾ?"

"ಅಲ್ಲ. ಇದು ಕ್ಲಾಪ್‌ಟ್ರೆ. ಬಟ್ಟೆ ಬಡಿಯೋ ಹಲಗೆ. ಹೊಳೆ ದಂಡೆಯಲ್ಲಿ ಬಟ್ಟೆ ಒಗೆಯೋವಾಗ ಇದರಿಂದ ಬಡೀತಿದ್ದರು. ನಮ್ಮ ಅಜ್ಜಿ ಮನೇಲೂ ಇತ್ತು." ಅದನ್ನ ನನ್ನ ಕೈಯಲ್ಲೇ ಮಗುಚಿದರು. ಗೋಡೆ ಕಡೆಗಿದ್ದ ಮೈಯಲ್ಲಿ ಒಂದು ಹೂವು, ಎರಡು ಅಕ್ಷರ ಕೆತ್ತಿತ್ತು. ಹೂವು ಎಲೆಕೋಸಿನ ಹಾಗಿತ್ತು. ಅಕ್ಷರ ಒಂದು ದಪ್ಪ, ಇನ್ನೊಂದು ಸೊಟ್ಟ. ಮೈಕ್ರೋಫಿಲಮ್ಮಿನಲ್ಲಿ ನೋಡಿದ್ದ ಆ ಹೆಂಗಸಿನ ಹೆಸರಿನ ಮೊದಲಕ್ಷರಗಳೇ.

"ಮದುವೆಗೆ ಮುಂಚೆ ಹುಡುಗ ತನ್ನ ಕೈಯಾರೆ ಕೆತ್ತಿ ಹುಡುಗಿಗೆ ಕೊಡಬೇಕು, ಹಿಂದಿನ ಪದ್ಧತಿ," ಅಂದರು ಕ್ಯಾಂಟೀನಮ್ಮ. "ಈ ಕಡೆ ಹುಟ್ಟಿದ ಯಾವ ಹುಡುಗನೂ ಇಷ್ಟು ಕೆಟ್ಟದಾಗಿ ಕೆತ್ತಲ್ಲ. ಪೆನ್ನು ಹಿಡಿಯೋ ಕೈ ಇದು."

ನನ್ನ ಕಣ್ಣಲ್ಲಿ ನೀರು ಬಂತು. ಕೇಸಿಲ್ಲದ, ರನ್ನಿಲ್ಲದ ಆ ಮನುಷ್ಯ, ಚಾಕು ಹಿಡಿಯೋಕೆ ಬರದೆ ಬೆರಳು ಕುಯ್ದುಕೊಂಡು, ಪರದೇಶದ ಪದ್ಧತಿ ಕಲಿತು ಒಂದು ಎಲೆಕೋಸು ಕೆತ್ತಿದ್ದ. "ಇಷ್ಟು ವರ್ಷ ನೀವು ಯಾಕೆ ಯಾರಿಗೂ ಹೇಳಲಿಲ್ಲ?" ಅಂತ ಕೇಳಿದೆ.

"ಯಾರೂ ಕೇಳಲಿಲ್ಲ," ಅಂದರು. "ಅಡುಗೆ ಮಾಡ್ತಿದ್ದ ಹೆಂಗಸರಿಗೆಲ್ಲ ಗೊತ್ತಿತ್ತು. ಗಂಡಸರಿಗೆ ಬ್ಯಾಟು ಅಂದರೆ ಖುಷಿ ಇತ್ತು, ಇರಲಿ ಅಂತ ಬಿಟ್ಟೆವು."

ಮನೆಯಲ್ಲಿ ಹೇಳಿದಾಗ ಮಾವ ಮೊದಲು ತಲೆಮೇಲೆ ಕೈ ಹೊತ್ತುಕೊಂಡರು. "ಕೇಳಬೇಡ ಅಂದಿದ್ದೆನಲ್ಲಮ್ಮಾ!" ಆಮೇಲೆ ಹೂವಿನ ಫೋಟೋ ನೋಡಿದರು. ಬಹಳ ಹೊತ್ತು ನೋಡಿದರು. "ನಮ್ಮ ಸಾಹೇಬರ ಕೈಬರಹವೇ," ಅಂತ ತೀರ್ಪು ಕೊಟ್ಟು, "ಬರಿ. ಇದ್ದದ್ದು ಇದ್ದ ಹಾಗೆ ಬರಿ. ಕೋಟು ವಾಪಸ್ ಕೊಟ್ಟರಾಯ್ತು," ಅಂದರು.

ಮರುದಿನ ಅದೇ ಕ್ಯಾಂಟೀನಿನಲ್ಲಿ ಮೀಟಿಂಗು. ನಾನು ಪಟ್ಟಿ ಮುಂದಿಟ್ಟು, ಚರ್ಚಿನ ದಾಖಲೆ, ಕೆತ್ತನೆಯ ಫೋಟೋ, ಇಂಗ್ಲೆಂಡಿನ ಕಾಗದ ಒಂದೊಂದಾಗಿ ತೋರಿಸಿ, ಇದು ಬ್ಯಾಟಲ್ಲ, ಬಟ್ಟೆ ಬಡಿಯೋ ಹಲಗೆ ಅಂದೆ. ನಿರ್ದೇಶಕ ಗೋಡೆ ಕಡೆ ನೋಡಿದ. ಎಷ್ಟೋ ವರ್ಷ ಅದರ ಕೆಳಗೆ ಕೂತು ಆಲೂಗಡ್ಡೆ ತಿಂದ ಮನುಷ್ಯ. "ಯಾಹಾ," ಅಂದ. ಇಲ್ಲಿ ಆ ಶಬ್ದಕ್ಕೆ ಹೌದಾ, ಹೋಗಲಿ, ಅಯ್ಯೋ, ನಿನ್ನನ್ನ ಬಿಡಲ್ಲ, ಎಲ್ಲ ಅರ್ಥವೂ ಇರಬಹುದು.

"ಬಹುಶಃ ಬ್ಯಾಟಾಗಿಯೂ ಬಳಸಿರಬಹುದು ಅಂತ ಬರೆಯೋಕಾಗಲ್ವಾ?" ಅಂತ ಕೇಳಿದ.

"ಬೋಲ್ಟು ಬಹುಶಃ ಬಿಗಿಯಾಗಿದೆ ಅಂತ ನಿಮ್ಮ ಪಂಪಿನ ಮ್ಯಾನ್ಯುಯಲ್ಲಿನಲ್ಲಿ ಬರೆದರೆ ನೀವು ಒಪ್ತೀರಾ?" ಅಂದುಬಿಟ್ಟೆ.

ಕ್ಯಾಂಟೀನಮ್ಮ ತಮ್ಮ ಬನ್ನನ್ನ ಎರಡು ಭಾಗ ಮಾಡಿ ಒಂದನ್ನ ನನ್ನ ತಟ್ಟೆಗಿಟ್ಟರು. ಬಾಸು, "ಆಮೇಲೆ ಮಾತಾಡೋಣ," ಅಂತ ಎದ್ದ. ಆಮೇಲೆ ಮಾತಾಡಲೇ ಇಲ್ಲ.

ಅಧ್ಯಾಯ ಹನ್ನೆರಡು ಪುಟದಿಂದ ನಾಲ್ಕಕ್ಕೆ ಇಳಿಯಿತು. ಸೊನ್ನೆ, ಮೂರು, ಸೊನ್ನೆ, ಸೊನ್ನೆ ಎಲ್ಲ ಇತ್ತು. ಹೆಂಡತಿಯ ಹೆಸರು ಅವಳ ಕಸುಬಿನ ಸಮೇತ ಅಚ್ಚಾಯಿತು. ನಿರ್ದೇಶಕ ಒಂದು ಅಕ್ಷರ ತಿದ್ದದೆ ಸಹಿ ಹಾಕಿ ಕಳಿಸಿದ, ಒಳ್ಳೇದು ಕೆಟ್ಟದ್ದು ಒಂದೂ ಹೇಳದೆ. ಉತ್ಸವದ ದಿನ ಹೋಗಿ ನೋಡಿದರೆ ಹಿತ್ತಾಳೆ ಫಲಕ ಮಾಯ, ಪೆಟ್ಟಿಗೆಯಲ್ಲಿ ಹಲಗೆಯ ಹೂವಿನ ಮೈ ಈಚೆಗೆ ತಿರುಗಿತ್ತು. ಪಂದ್ಯ ಮಾತ್ರ ನಿಲ್ಲಲಿಲ್ಲ. ಆಹ್ವಾನ ಹೋದ ಮೇಲೆ ಕಾರ್ಯಕ್ರಮ ಬದಲಾಯಿಸೋದು ಸ್ವೀಡಿಷರ ಜಾಯಮಾನದಲ್ಲೇ ಇಲ್ಲ. ಮಾವ ಬಿಳೀ ಕೋಟು ತೊಟ್ಟು ನಾಲ್ಕು ಬಾಲಿಗೇ ಓವರ್ ಮುಗಿಸ್ತಿದ್ದರು. ಇಂಗ್ಲಿಷ್ ಅತಿಥಿಯೊಬ್ಬ ಇನ್ನೂ ಎರಡಿದೆ ಅಂತ ತಕರಾರು ಎತ್ತಿದಾಗ ಗೆರೆ ಹೊರಗೆ ಕೂತಿದ್ದ ಕ್ಯಾಂಟೀನಮ್ಮನ ಕಡೆ ಕೈ ತೋರಿಸಿ, "ಆಸ್ಕ್ ಹರ್," ಅಂದರು.

ಇಷ್ಟೆಲ್ಲ ಆದಮೇಲೂ ನನ್ನ ಕೆಲಸದ ಬಗ್ಗೆ ಒಬ್ಬರೂ ಬಾಯಿಬಿಡಲಿಲ್ಲ. ಪ್ರೊಬೇಷನ್ ಮುಗಿಯೋ ವಾರ ಬಂತು. ಬೆಂಗಳೂರಿನಲ್ಲಾದರೆ ಕರೆದು ಕೂರಿಸಿ, ಹಸ್ತಲಾಘವ ಮಾಡಿ, ಕಂಪನಿಯ ಮೊಹರು ಒತ್ತಿದ ಕನ್ಫರ್ಮೇಷನ್ ಪತ್ರ ಕೊಡ್ತಾರೆ, ನಾವು ಸ್ವೀಟ್ ಹಂಚ್ತೀವಿ. ಇಲ್ಲಿ ಬಾಸು ಎದುರಿಗೆ ಸಿಕ್ಕಿದಾಗ ಹವೆಯ ವಿಷಯ ಮಾತಾಡಿದ. ಮಂಗಳವಾರ ಆರು ತಿಂಗಳು ತುಂಬಿತು. ಇಡೀ ದಿನ ಮೇಲ್ ನೋಡಿದೆ, ಟಪಾಲಿನ ಗೂಡು ನೋಡಿದೆ. ಏನೂ ಇಲ್ಲ. ಸಂಜೆ ಮಾವ, "ಆರ್ಡರ್ ಕಾಪಿ ಎಲ್ಲಮ್ಮಾ?" ಅಂತ ಕೇಳಿದರು. ಬಂದಿಲ್ಲ ಅಂದೆ. ಅವರು ಮುಖ ಸಣ್ಣ ಮಾಡಿಕೊಂಡು, "ಕೇಳಬೇಡ ಅಂತ ಮೊದಲೇ ಹೇಳಿದ್ದೆ," ಅಂತೇನೂ ಅನ್ನಲಿಲ್ಲ, ಸುಮ್ಮನೆ ಕಾಫಿ ಮಾಡಿ ತಂದುಕೊಟ್ಟರು. ಅದು ಇನ್ನೂ ಸಂಕಟ ಆಯಿತು.

ಬುಧವಾರದಿಂದ ನಾನೇ ಮರ್ಯಾದೆಯಾಗಿ ಒಂದೊಂದೇ ಸಾಮಾನು ಮನೆಗೆ ಸಾಗಿಸಿದೆ. ಮೊದಲು ಶಾಲು, ಆಮೇಲೆ ನಿಘಂಟು, ಮಗಳ ಫೋಟೋ, ಕೊನೆಗೆ ಕಾಫಿ ಮಗ್ಗು. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿಕೊಂಡು ಅಳ್ತಾ ಬರೋದು, ದಾಗಿಸ್ ಬಾಗಿಲಲ್ಲಿ ಕಣ್ಣೊರೆಸಿಕೊಳ್ಳೋದು. ಆಫೀಸಿನವರು ನೋಡಿಯೂ ನೋಡದ ಹಾಗಿದ್ದರು. ಫಿಕಾ ಹೊತ್ತಿನಲ್ಲಿ, ಅದೇ ಎಲ್ಲರೂ ಸೇರಿ ಕಾಫಿ ಕುಡಿಯೋ ಹೊತ್ತಿನಲ್ಲಿ, ನಾನು ಪೇಪರ್ ಲೋಟ ಹಿಡಿದು ಬಂದರೆ ಮಾತು ನಿಂತುಹೋಗೋದು. ಮುಂದಿನ ಗುರುವಾರದ ಹೊತ್ತಿಗೆ ತಡೆಯೋಕೆ ಆಗಲಿಲ್ಲ. ಕೇಳೋದೇ ಕೇಳೋದು, ಇದನ್ನೂ ಕೇಳಿಬಿಡ್ತೀನಿ ಅಂತ ಬಾಸಿನ ಕೋಣೆಗೆ ನುಗ್ಗಿದೆ.

"ನನ್ನ ಪ್ರೊಬೇಷನ್ ಏನಾಯ್ತು?"

ಅವನು ಕ್ಯಾಲೆಂಡರ್ ನೋಡಿದ. "ಅದು ಹೋದ ವಾರವೇ ಮುಗೀತಲ್ಲ."

"ಮುಗೀತು. ಆಮೇಲೆ?"

"ಆಮೇಲೇನು? ನಿನ್ನ ಕೆಲಸ ಕಾಯಂ ಆಯ್ತು. ಬೇಡ ಅಂತಿದ್ದರೆ ನಾವು ಎರಡು ವಾರ ಮುಂಚೆ ಹೇಳಬೇಕಿತ್ತು. ಯಾರೂ ಏನೂ ಹೇಳದಿದ್ದರೆ ತಾನಾಗೇ ಕಾಯಂ. ಕಾನೂನೇ ಹಾಗಿದೆ." ಇಷ್ಟು ಹೇಳಿ ಅವನು ಮೇಜಿನ ಮೇಲಿದ್ದ ಪೆನ್ನನ್ನ ಅತ್ತಿತ್ತ ಉರುಳಿಸಿದ. ಅವನ ಕಿವಿ ಕೆಂಪಾಗಿತ್ತು. "ನಾವೇ ಯೋಚನೆಯಲ್ಲಿದ್ದೆವು. ನೀನು ದಿನಾ ಒಂದೊಂದು ಸಾಮಾನು ತಗೊಂಡು ಹೋಗ್ತಿದ್ದೀಯ. ಮಗ್ಗೂ ಹೋಯ್ತು. ಬೇರೆ ಕಡೆ ಕೆಲಸ ಸಿಕ್ಕಿರಬೇಕು ಅಂದುಕೊಂಡೆವು. ಕೇಳಿದರೆ ನಿನ್ನ ಸ್ವಂತ ವಿಷಯಕ್ಕೆ ತಲೆಹಾಕಿದ ಹಾಗಾಗುತ್ತೆ ಅಂತ ಯಾರೂ ಕೇಳಲಿಲ್ಲ. ಕಾರ್ಖಾನೆಯವರ ಮುಂದಿನ ಮೂರು ಪಂಪೂ ನೀನೇ ಬರೀಬೇಕಂತೆ, ನಿರ್ದೇಶಕ ಬರೆದು ಕಳಿಸಿದ್ದಾನೆ. ಅವನಿಗೆ ಏನಂತ ಉತ್ತರ ಕೊಡೋದು ಅಂತ ವಾರದಿಂದ ಕೂತಿದ್ದೀನಿ. ನೀನು ಬಿಟ್ಟುಹೋಗ್ತಿದ್ದೀಯಾ?"

ಒಂಬತ್ತು ದಿನ! ಒಂಬತ್ತು ದಿನ ಬಸ್ಸಿನಲ್ಲಿ ಅತ್ತಿದ್ದೆ. ನನಗೆ ಗೊತ್ತಿಲ್ಲದ ಹಾಗೇ ಅಚ್ಚ ಕನ್ನಡ ಬಾಯಿಗೆ ಬಂತು. "ಒಂದ್ ಮಾತು ಬಾಯಿಬಿಟ್ಟು ಹೇಳಿದ್ರೆ ನಿಮ್ಮಪ್ಪನ ಮನೆ ಗಂಟೇನು ಹೋಗ್ತಿತ್ತಾ?"

ಬಾಸು ಗಾಬರಿಯಾಗಿ, "ಏನು ಹಾಗಂದರೆ?" ಅಂತ ಕೇಳಿದ.

"ಇಲ್ಲ, ಬಿಟ್ಟುಹೋಗಲ್ಲ ಅಂತ," ಅಂದೆ.